ಮುದ್ದಮ್ಮನ ಕೈ

ಹರದನಹಳ್ಳಿ, ೧೯೬೪

ಅಕ್ಕಾ,

ನೀನಿರುವ ಕಡೆಗೆ ಅಂಚೆಯಿಲ್ಲ, ಗೊತ್ತು. ಆದರೂ ಇವತ್ತಿನದನ್ನು ನಿನಗಲ್ಲದೆ ಯಾರಿಗೆ ಹೇಳಲಿ?

ಸೊಂಟದ ಕೆಳಗೆ ಸ್ವಾಧೀನವಿಲ್ಲದ ನನಗೆ ಮೂತ್ರ ತೆಗೆಯಲು ರಬ್ಬರ್ ನಳಿಗೆ ಹಾಕುತ್ತಿದ್ದವಳು ನೀನೊಬ್ಬಳೇ. ನೀನು ತೀರಿಕೊಂಡ ಮೇಲೆ ಹೊಳೆನರಸೀಪುರದಿಂದ ನರ್ಸ್ ಬರುತ್ತಿದ್ದರು. ಬಸ್ಸು ತಡವಾದರೆ ಹೊಟ್ಟೆ ಬಿಗಿದು ನರಳುತ್ತಿದ್ದೆ. ಅದನ್ನು ನೋಡಲಾರದೆ ಮನೆಗೆಲಸದ ಮುದ್ದಮ್ಮ ನರ್ಸನ್ನು ಕೇಳಿಯೇಬಿಟ್ಟಳು:

"ನಂಗೂ ಯೋಳ್ಕೊಡಿ ಅಮ್ಮಾವ್ರೆ. ಅಕ್ಕೋರು ಮಾಡ್ತಿದ್ದುದ್ನ ನಾ ಮಾಡಕಾಗಾಕಿಲ್ವಾ?"

"ಮನೆಯವರಿಗೆ ಬಿಟ್ಟರೆ, ನರ್ಸ್ ಪಾಸಾಗದವರಿಗೆ ಬಿಡೋ ಹಾಗಿಲ್ಲಮ್ಮ" ಅಂದರು ಅವರು. ಆದರೂ ಡಾಕ್ಟರನ್ನು ಒಪ್ಪಿಸಿ ಬಂದು, ಪಕ್ಕದಲ್ಲಿ ನಿಂತು ಕಲಿಸಿದರು.

ಇವತ್ತು ಮುದ್ದಮ್ಮ ಮೊದಲ ಸಲ ಒಬ್ಬಳೇ ಹಾಕಿದಳು. ನಳಿಗೆ ಕುದಿಸಿ, ಮೊಣಕೈವರೆಗೆ ಸೋಪು ಹಚ್ಚಿ ತೊಳೆದುಕೊಂಡಳು. ನಾನು ಮುಖ ತಿರುಗಿಸಿದೆ.

"ನಾಚ್ಕೊಬ್ಯಾಡಿ ಕಣವ್ವಾ, ನಾನೂ ನಿಮ್ಮಂಗೆ ಎಂಗ್ಸೇ ಅಲ್ವಾ?"

ನಳಿಗೆ ನಡುವೆ ತಡೆಯಿತು. ಅವಳು ಒತ್ತಲಿಲ್ಲ. "ಉಸ್ರು ಬುಡಿ, ಅವಸ್ರ ಏನಿಲ್ಲ" ಎಂದು ಕಾದಳು. ಎಂಥ ಹಗುರವಾದ ಕೈ ಅಕ್ಕಾ! ಮೂತ್ರ ಹರಿದು ಹೊಟ್ಟೆಯ ಬಿಗಿತ ಇಳಿದಾಗ ನನಗಿಂತ ಮೊದಲು ಅವಳೇ "ಸದ್ಯ!" ಎಂದು ನಿಟ್ಟುಸಿರು ಬಿಟ್ಟಳು.

ಅವಳ ಸೊಸೆ ಮಾಯಮ್ಮನಿಗೂ ಕಲಿಸಲು ನರ್ಸ್ ಒಪ್ಪಿದ್ದಾರೆ. "ಅವ್ಳು ಕಲ್ತ ಮ್ಯಾಕೆ ನಾ ಚನ್ರಾಯಪಟ್ಣಕ್ಕೋಗಿ ಮಗಳ್ನ ನೋಡ್ಕಂಡ್ ಬತ್ತೀನಿ ಕಣವ್ವಾ" ಅಂದಳು ಮುದ್ದಮ್ಮ.

"ಎರಡು ದಿನ ಇದ್ದೇ ಬಾ" ಅಂದೆ.

ಆ ಮಾತು ಬಾಯಿಂದ ಎಷ್ಟು ಸಲೀಸಾಗಿ ಬಂದುಬಿಟ್ಟಿತು! ನೀನು ಈ ಮನೆ ಬಿಟ್ಟು ಒಂದು ರಾತ್ರಿಯೂ ಬೇರೆಲ್ಲೂ ತಂಗಿದವಳಲ್ಲ. ಅಷ್ಟು ಸಣ್ಣ ಮಾತು ಅದು, ನಿನಗೆ ಒಮ್ಮೆಯೂ ಹೇಳಲಿಲ್ಲ ಅಕ್ಕಾ.