ಹೂಂಗುಟ್ಟಿದ ತಪ್ಪಿಗೆ

ಸುದ್ದಿ ಚಾನೆಲ್ಲಿನ ಪ್ರಧಾನ ಸಂಪಾದಕರೇ,

‘ಮಾನ್ಯರೇ’ ಎಂದು ಬರೆದು ಆಮೇಲೆ ಹೊಡೆದುಹಾಕಿದೆ. ನಾನು ಆಡದ ಮಾತನ್ನು ನನ್ನ ಬಾಯಿಗೆ ತುರುಕಿ ಊರಿಗೆಲ್ಲ ತೋರಿಸಿದವರಿಗೆ ಅಷ್ಟು ದೊಡ್ಡ ಪದ ಭಾರವಾದೀತು.

ವಡೋದರದಲ್ಲಿ ಹದಿನಾರು ವರ್ಷದಿಂದ ಉಡುಪಿ ಹೋಟೆಲು ನಡೆಸುತ್ತಿದ್ದೇನೆ. ಚುನಾವಣೆಯ ಕಾವಿನಲ್ಲಿ ನಿಮ್ಮ ವರದಿಗಾರ್ತಿ ಬಂದು ಪ್ರಶ್ನೆ ಶುರುಮಾಡಿದರು. ಪ್ರಶ್ನೆಯೋ ಹರಿಕಥೆಯಷ್ಟು ಉದ್ದ. ಇಲ್ಲಿನ ರಸ್ತೆ, ಕಾರ್ಖಾನೆಗಳೆಲ್ಲ ಬರೀ ತೋರಿಕೆಯಂತೆ. ಹೊರಗಿನಿಂದ ಬಂದ ನಮ್ಮಂಥವರು ಬಾಯಿ ಬಿಡಲೂ ಹೆದರುತ್ತೇವಂತೆ. ಎದುರಿನವರು ಮಾತಾಡುವಾಗ ಹೂಂಗುಟ್ಟುವುದು ನಮ್ಮ ಕಡೆಯ ಮರ್ಯಾದೆ. ಹೂಂ, ಹೂಂ ಎನ್ನುತ್ತ ಕೇಳಿದೆ. ಆಮೇಲೆ ಹತ್ತು ನಿಮಿಷ, ಹಾಗೇನಿಲ್ಲ ಎಂದು ಬಿಡಿಸಿ ಹೇಳಿದೆ. ನೀವು ತೋರಿಸಿದ್ದು ಆಕೆಯ ಪ್ರಶ್ನೆ ಮತ್ತು ನನ್ನ ಎರಡು ಹೂಂ. ಕೆಳಗೆ ‘ಭಯದ ಬದುಕು: ಒಪ್ಪಿಕೊಂಡ ಹೋಟೆಲ್ ಮಾಲೀಕ’ ಎಂಬ ಸಾಲು.

ಹಿಂದಿಯವರು ಹೀಗೆ ಮಾಡಿದ್ದರೆ ಭಾಷೆ ತಿಳಿಯದೆ ಎಡವಿದರು ಎನ್ನಬಹುದಿತ್ತು. ನೀವು ಕನ್ನಡದವರು. ಅಜ್ಜಿ ಕಥೆ ಹೇಳುವಾಗ ನೀವೂ ಹೂಂ ಎಂದಿರಬೇಕಲ್ಲ? ಹಾಗಾದರೆ ರಾಕ್ಷಸ ರಾಜಕುಮಾರಿಯನ್ನು ಹೊತ್ತೊಯ್ದದ್ದಕ್ಕೆ ನಿಮ್ಮ ಒಪ್ಪಿಗೆ ಇತ್ತೇ?

ಫೋನು ಮಾಡಿ, ನನಗೆ ಭಯವಿಲ್ಲ ಎಂದೆ. ಅದನ್ನೂ ಮರುದಿನದ ಚರ್ಚೆಗೆ ಒಗ್ಗರಣೆ ಮಾಡಿಕೊಂಡಿರಿ. ಒಬ್ಬ ವಿಚಾರವಂತರು ಕನ್ನಡಕ ಸರಿಪಡಿಸಿಕೊಂಡು, “ಭಯವಿಲ್ಲ ಎಂದು ಫೋನು ಮಾಡಿ ಹೇಳಬೇಕಾಗಿ ಬಂತಲ್ಲ, ಅದೇ ಭಯದ ಗುರುತು” ಎಂದರು. ಉಳಿದ ಮೂವರು ತಲೆಯಾಡಿಸಿದರು. ಹೂಂ ಎಂದರೂ ಭಯ, ಊಹೂಂ ಎಂದರೂ ಭಯ. ಸುಮ್ಮನಿದ್ದರೆ ಯಾರೋ ಬಾಯಿ ಕಟ್ಟಿಸಿದ್ದಾರೆ ಎನ್ನುತ್ತೀರಿ. ಯಾವ ಉತ್ತರ ಬಂದರೂ ತಾನೇ ಗೆಲ್ಲುವ ವಾದಕ್ಕೆ ಬೆಂಗಳೂರಿನಿಂದ ಕ್ಯಾಮರಾ ಹೊತ್ತು ಬರುವ ಶ್ರಮವಾದರೂ ಏಕೆ? ಈ ರಾಜ್ಯದಲ್ಲಿ ಹೆದರಿದವರೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಅವರ ಮನೆಗೆ ಹೋಗಿ, ಅವರ ಬಾಯಿಂದಲೇ ಕೇಳಿ.

ಪದ್ಮನಾಭ ಐತಾಳರು ನನ್ನಂತೆಯೇ ಕುಂದಾಪುರದ ಕಡೆಯವರು. ನನ್ನನ್ನು ಇಲ್ಲಿಗೆ ಕರೆತಂದವರು. ಇಲ್ಲೇ ಹತ್ತಿರದ ಕೊಯಾಲಿಯ ತೈಲ ರಿಫೈನರಿಗೆ ತಮ್ಮ ಹರೆಯವನ್ನೆಲ್ಲ ಕೊಟ್ಟಿದ್ದಾರೆ. ಪ್ರತಿ ಭಾನುವಾರ ನನ್ನ ಗಲ್ಲಾಪೆಟ್ಟಿಗೆಯ ಪಕ್ಕ ಕೂತು ಕಾಫಿ ಕುಡಿಯುತ್ತಿದ್ದವರು ಮೂರು ವಾರದಿಂದ ಬಂದಿಲ್ಲ. ನಾನೇ ಮನೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಅವರು ಸಮಾಧಾನದಿಂದಲೇ ಕೇಳಿದರು: “ನಾವ್ ಮಾಡಿದ್ದೆಲ್ಲ ತೋರಿಕೆ ಅಂದ್ರೆ, ಹೂಂ ಅಂದದ್ದ್ ನೀವೇ ಅಲ್ದಾ ಮಾರಾಯ್ರೆ? ನನ್ನ ಕಣ್ಣಾರೆ ಕಂಡಿದ್ದೆ.” ನನಗೆ ಅಳು ಬಂತು. ಕಾಫಿ ಕುಡಿಯದೆ ಎದ್ದು ಬಂದೆ.

ನಿಮ್ಮ ಕ್ಷಮೆ ನನಗೆ ಬೇಡ. ಆ ಟೇಪನ್ನು ಕತ್ತರಿ ಆಡಿಸದೆ, ಅದೇ ಹೊತ್ತಿಗೆ, ಒಂದು ಸಲ ಪೂರ್ತಿ ತೋರಿಸಿ. ನಿಮ್ಮ ಮೇಲೆ ನನಗೆ ಎಳ್ಳಷ್ಟೂ ನಂಬಿಕೆ ಇಲ್ಲ. ಆದರೆ ಐತಾಳರು ಹದಿನಾರು ವರ್ಷದ ಗೆಳೆಯನನ್ನು ಬಿಟ್ಟು ನಿಮ್ಮನ್ನು ನಂಬಿದ್ದಾರೆ. ಅವರಿಗೆ ನಿಜವನ್ನು ಇನ್ನು ನೀವೇ ಹೇಳಬೇಕು.

ಇಂತಿ,
ನಿಮ್ಮ ಪ್ರಕಾರ ಎಲ್ಲವನ್ನೂ ಒಪ್ಪಿಕೊಂಡಿರುವ,
ಶ್ರೀಪಾದ ಹೊಳ್ಳ
ವಡೋದರ, ಮೇ 2004