ಮಾಮ ಒಳಗೆ, ಬೀಗ ಹೊರಗೆ

ಮೇ 5, ಸೋಮವಾರ

ನಾಲ್ಕು ರೆಕಾರ್ಡಿಂಗ್ ಟೈಪ್ ಮಾಡಿ ಮುಗಿಸಿದೆ. ಕಿವಿ ಗುಂಯ್ ಅನ್ನುತ್ತಿದೆ. ಡಾಕ್ಟರ ಹತ್ತಿರ ಮನಸ್ಸು ಬಿಚ್ಚಲು ಬರುವವರ ದನಿಯನ್ನೆಲ್ಲ ಗುರುತು ಸಿಗದ ಹಾಗೆ ಮೆಷಿನ್ ಒಂದೇ ಥರ ದಪ್ಪ ಮಾಡಿಬಿಡುತ್ತದೆ. ಹೆಸರಿಲ್ಲ, ಮುಖ ಕಾಣುವುದಿಲ್ಲ, ನಂಬರ್ ಅಷ್ಟೆ. ಅದೂ ನನ್ನ ಮೇಜಿಗೆ ಬರುವುದು ಒಂದು ತಿಂಗಳು ತಡವಾಗಿ.

ಇವತ್ತು ಹನ್ನೊಂದನೇ ನಂಬರ್. ಮಕ್ಕಳ ಕಡೆ ಮನಸ್ಸು ಎಳೆಯುತ್ತದಂತೆ. ಹದಿನಾಲ್ಕನೇ ವಯಸ್ಸಿನಿಂದಲೇ ಗೊತ್ತಂತೆ — "ಜೊತೆಯವರೆಲ್ಲ ಬೆಳೆದ್ರು, ನನ್ನ ಮನಸ್ಸು ಮಾತ್ರ ಅಲ್ಲೇ ನಿಂತ್ಬಿಡ್ತು. ಯಾರನ್ನೂ ಮುಟ್ಟಿಲ್ಲ ಡಾಕ್ಟ್ರೇ. ಮುಟ್ಟದ ಹಾಗೆ ನೋಡ್ಕೊಳ್ಳಿ."

ಡಾಕ್ಟರಿಗೆ ಹೇಳಿಯೇಬಿಟ್ಟೆ.
"ಇಂಥವ್ರನ್ನ ನಡುಬೀದೀಲಿ ನಿಲ್ಲಿಸ್ಬೇಕು, ಮೇಡಂ."
"ನಿಲ್ಲಿಸ್ತೀವಿ ಅಂತ ಗೊತ್ತಿದ್ರೆ ಯಾರಮ್ಮ ಬಂದು ಹೇಳ್ತಾರೆ? ಹೇಳ್ದೆ ಅವಿತುಕೊಂಡವನೇ ಮಕ್ಕಳಿಗೆ ಅಪಾಯ."
"ಯಾಕೆ ಹೀಗಾಗುತ್ತೆ?"
"ಪೂರ್ತಿ ಯಾರಿಗೂ ಗೊತ್ತಿಲ್ಲ. ಮಿದುಳೋ, ಬಾಲ್ಯವೋ, ಎರಡೂನೋ. ಕಾರಣ ಏನೇ ಇರ್ಲಿ, ನೆಪ ಆಗಲ್ಲ. ಅದು ಅವನಿಗೂ ಗೊತ್ತು."

ಮಧ್ಯಾಹ್ನ ತಮ್ಮನಿಗೆ ಫೋನ್ ಮಾಡಿದೆ. ಮೂರನೇ ಸಲ. ಮುಂದಿನ ತಿಂಗಳಿಂದ ನನ್ನ ಕೆಲಸ ಆರರವರೆಗೆ, ಸ್ಕೂಲ್ ಬಿಟ್ಟ ಮೇಲೆ ಮಗಳು ಗುಬ್ಬಿಯನ್ನು ನೋಡಿಕೋ ಎಂದರೆ ಮತ್ತೆ ಆಗಲ್ಲ ಅಂದ. ಒಂಟಿ ಮನುಷ್ಯ, ಮನೆಯಲ್ಲೇ ಕೂತು ನಕ್ಷೆ ಬರೆಯುವ ಕೆಲಸ, ಏನು ರೋಗ? "ತುಕ್ಕು ಹಿಡಿದ ಮೊಳೆ ಕಣೋ ನೀನು. ಅಲ್ಲಾಡೋದೂ ಇಲ್ಲ, ಉಪಯೋಗಕ್ಕೂ ಬರಲ್ಲ" ಎಂದು ಬೈದು ಫೋನ್ ಇಟ್ಟೆ. ಒಬ್ಬಳೇ ನಿಂತು ಮಗಳನ್ನು ಸಾಕುವುದು ಏನೆಂದು ಅವನಿಗೇನು ಗೊತ್ತು.

ಜೂನ್ 2, ಸೋಮವಾರ

ಅಂತೂ ಒಪ್ಪಿದ! ನಾಲ್ಕನೇ ಸಲ ಕೇಳಿದಾಗ ಅತ್ತುಬಿಟ್ಟಿದ್ದೆ, ಅದಕ್ಕೇ ಇರಬೇಕು. ಇವತ್ತಿನಿಂದ ಸ್ಕೂಲ್ ವ್ಯಾನ್ ಅವನ ಮನೆ ಹತ್ತಿರವೇ ಇಳಿಸುತ್ತದೆ. ಸಂಜೆ ಕರೆತರಲು ಹೋದಾಗ ಗುಬ್ಬಿ ಚೀಲ ಹಾಕಿಕೊಂಡು ಕೆಳಗೇ ಕಾದಿದ್ದಳು, ನಾನು ಮೇಲೆ ಹತ್ತಲಿಲ್ಲ.

ಜೂನ್ 3, ಸಂಜೆ

"ಮಾಮ ಏನು ಆಟ ಆಡಿಸ್ದ?" ಅಂದೆ.
"ಮಾಮ ಬರೋದೇ ಇಲ್ಲಮ್ಮ. ನಾನು ಕೆಳಗಡೆ ಟೈಲರ್ ಆಂಟಿ ಅಂಗಡೀಲಿ ಹೋಮ್‌ವರ್ಕ್ ಮಾಡ್ತೀನಿ. ಮಾಮ ಒಳಗೆ, ಬೀಗ ಹೊರಗೆ. ಆಂಟೀನೇ ಹಾಕ್ತಾರೆ. ಕೀಲಿಕೈ ಆಂಟಿ ಹತ್ರ."

ಇದೆಂಥ ಹುಚ್ಚಾಟ? ಟೈಲರಮ್ಮನಿಗೆ ದುಡ್ಡು ಕೊಟ್ಟು ನನ್ನ ಮಗಳನ್ನು ಸಾಗಹಾಕಿದ್ದಾನೆ! ಫೋನ್ ಎತ್ತಲಿಲ್ಲ. ಸೋಮಾರಿ. ಭಾನುವಾರ ಸಿಗಲಿ, ಮಾಡ್ತೀನಿ.

ಜೂನ್ 5, ಗುರುವಾರ, 3:40

ಕೀಬೋರ್ಡ್ ಮುಟ್ಟಲಾರೆ, ಪೆನ್ನಿನಲ್ಲೇ ಗೀಚುತ್ತಿದ್ದೇನೆ.

ಹನ್ನೊಂದನೇ ನಂಬರ್. ಮೇ ಆರರ ಫೈಲು. ಕೇಳಿದ್ದನ್ನು ಹಾಗೇ ಟೈಪ್ ಮಾಡುತ್ತಿದ್ದೆ. ಆ ದಪ್ಪ ದನಿ ಅಂದಿತು —

"ಮೂರು ಸಲ ಇಲ್ಲ ಅಂದೆ ಡಾಕ್ಟ್ರೇ. ನಿನ್ನೆ ಅಕ್ಕ ಬೈದ್ಳು. ತುಕ್ಕು ಹಿಡಿದ ಮೊಳೆ ಕಣೋ ನೀನು, ಅಲ್ಲಾಡೋದೂ ಇಲ್ಲ…"

ಬೆರಳು ವಾಕ್ಯ ಮುಗಿಸಿತು. ಆಮೇಲೆ ನಿಂತಿತು.

ನನ್ನ ಬೈಗುಳ. ಆ ದನಿಯಲ್ಲಿ.

ಡಾಕ್ಟರು ಕೇಳುತ್ತಾರೆ, ಅಕ್ಕನಿಗೆ ನಿಜ ಹೇಳಬಹುದಲ್ಲ ಎಂದು. ಹನ್ನೆರಡು ಸೆಕೆಂಡ್ ಮೌನ. ಮೌನವನ್ನೂ ಟೈಪ್ ಮಾಡಬೇಕೆಂಬುದು ನಮ್ಮ ನಿಯಮ. "ಹೇಳಿದ್ರೆ ಅಕ್ಕ ನನ್ನ ಪಾಲಿಗಿರಲ್ಲ. ಹೇಳ್ದೆ ಇದ್ರೆ ಮಗೂನ ಕಳಿಸ್ತಾಳೆ. ನಾಲ್ಕನೇ ಸಲ ಕೇಳಿದ್ರೆ ಏನ್ಮಾಡ್ಲಿ?"

ಕೇಳಿದೆನಲ್ಲ. ಅತ್ತೂ ಕೇಳಿದೆ. ಅಯ್ಯೋ, ನಾನೇ ಕಳಿಸಿದೆನಲ್ಲ! ಗುಬ್ಬಿ ಈಗ ಅಲ್ಲಿ —

ಹೊರಟೆ.

ಅದೇ ದಿನ, 6:50

ಗುಬ್ಬಿ ಟೈಲರಮ್ಮನ ಮೇಜಿನಡಿ ಕೂತು ಬಟ್ಟೆ ಚೂರು ಜೋಡಿಸುತ್ತಿದ್ದಳು. ಅಪ್ಪಿಕೊಂಡರೆ "ಉಸಿರು ಕಟ್ಟುತ್ತೆ ಬಿಡಮ್ಮ" ಅಂದಳು. ಮಾಮ ಯಾವತ್ತಾದರೂ ಮೇಲೆ ಕರೆದನಾ? "ಇಲ್ಲ. ಕಿಟಕಿಯಿಂದ ಟಾಟಾ ಕೂಡ ಮಾಡಲ್ಲ."

ಟೈಲರಮ್ಮ ಕೀಲಿಕೈ ಕೊಟ್ಟರು. "ನಿಮ್ಮ ತಮ್ಮ ಒಂಥರಾ ಕಣ್ರಿ. ಕೂಗಿದ್ರೂ ತೆಗೀಬೇಡಿ, ಅಕ್ಕ ಮಗೂನ ಕರ್ಕೊಂಡು ಹೋದ್ಮೇಲೇ ತೆಗೀರಿ ಅಂತಾರೆ."

ಮೆಟ್ಟಿಲು ಹತ್ತಿದೆ. ಬಾಗಿಲಾಚೆ ಉಸಿರಾಟ ಕೇಳಿಸಿತು.
"ಅಕ್ಕಾ? ಇಷ್ಟು ಬೇಗ ಬಂದ್ಯಾ?" ಅವನದೇ ದನಿ, ಸಣ್ಣದು. ನನ್ನ ಕಿವಿಗೆ ಮಾತ್ರ ದಪ್ಪವಾಗಿ ಕೇಳಿಸಿತು. ಕೀಲಿಕೈಯನ್ನು ಬೀಗಕ್ಕೆ ತೂರಿಸದೆ ಹಿಂದೆ ಸರಿದೆ.
"ಕೇಳಿಸ್ಕೊಂಡ್ಯಾ ಎಲ್ಲಾನೂ? ಆ ಡಾಕ್ಟ್ರ ರೆಕಾರ್ಡಿಂಗ್ ಟೈಪ್ ಮಾಡೋದು ನೀನೇನಾ?"
ಓಡಿ ಇಳಿದೆ. ಗುಬ್ಬಿಯನ್ನು ಎತ್ತಿಕೊಂಡು ಬಸ್ ಹತ್ತಿದೆ.

ಇನ್ನೆಂದೂ ಅಲ್ಲಿಗೆ ಮಗು ಹೋಗುವುದಿಲ್ಲ, ಅದರಲ್ಲಿ ಎರಡು ಮಾತಿಲ್ಲ. ಅವನ ಮುಖ ನೋಡಲಾರೆ. ಆದರೆ ನನ್ನ ಮಗಳನ್ನು ನಾಲ್ಕು ದಿನ ಕಾದವನು ಅವನೇ. ನಾನಲ್ಲ.

7:15

ಚೀಲದಲ್ಲಿ ಕರ್ಚೀಫು ಹುಡುಕಿದೆ. ಕೀಲಿಕೈ ಸಿಕ್ಕಿತು.

ಅವನು ಇನ್ನೂ ಒಳಗೇ ಇದ್ದಾನೆ. ಕೂಗುವುದಿಲ್ಲ, ಗೊತ್ತು. ಕೂಗಿದರೂ ಟೈಲರಮ್ಮ ತೆಗೆಯುವ ಹಾಗಿಲ್ಲ.

ಗುಬ್ಬಿಯನ್ನು ಪಕ್ಕದ ಮನೆ ಅಜ್ಜಿ ಹತ್ತಿರ ಬಿಟ್ಟು ಹೋಗಬೇಕು. ತೆಗೆದ ಮೇಲೆ ಏನನ್ನಲಿ? ಮೊದಲು ಬೀಗ ತೆಗೆಯುತ್ತೇನೆ.