ಸೋಮವಾರದ ಮದುವೆ

ಉರ್ವ, ಮಂಗಳೂರು
12 ಜನವರಿ 2025

ಮಗ ಝುಬೈರ್‌ಗೆ ಸಲಾಂ.

ಇದನ್ನು ಬರೆಯುವವಳು ಉರ್ವದ ಅಹ್ಮದ್ ಬಾವರ ಹೆಂಡತಿ ರುಖಿಯಾ. ಅವರು ತೀರಿಹೋದ ಮೇಲೆ ಈ ಮನೆಯಲ್ಲಿ ನಡೆಯುವುದು ನನ್ನ ಮಾತು. ನಿನಗೆ ಮರೆತಂತೆ ಕಂಡದ್ದರಿಂದ ಮೊದಲೇ ಬರೆದೆ. ನೀನು ಸೌದಿಗೆ, ದಮ್ಮಾಮಿಗೆ ಹಿಂದಿರುಗಿ ಮೂರು ವಾರವಾಯಿತು. ನಿನ್ನ ಫೋನ್ ಎತ್ತದೆ, ಕಾಗದವನ್ನೂ ಬರೆಯದೆ ಕೂತದ್ದಕ್ಕೆ ಕ್ಷಮೆ ಇರಲಿ. ಕೋಪ ಇಳಿಯಲಿ ಎಂದು ಕಾದೆ, ಇಳಿಯಲಿಲ್ಲ. ನಿನ್ನ ತಂಗಿ ಸುಹೈಲಾ ಇದರ ಫೋಟೋ ತೆಗೆದು ನಿನ್ನ ಮೊಬೈಲಿಗೆ ಕಳಿಸುತ್ತಾಳೆ. ನನ್ನ ಮಂಡಿನೋವು ಹಾಗೆಯೇ ಉಂಟು.

ನಿನ್ನ ಮಗಳ ಮದುವೆಗೆ ತೊಕ್ಕೊಟ್ಟಿನ ಹಾಲ್ ಸಿಕ್ಕಿದ್ದು ಸೋಮವಾರ. ಪಕ್ಕದ ಮನೆಯ ಪೂವಪ್ಪಣ್ಣನವರು ಸೋಮವಾರ ಮೀನು, ಮಾಂಸ ಮುಟ್ಟುವುದಿಲ್ಲ ಎಂದು ಅವರ ಜಗಲಿಯಲ್ಲೇ ಆಡಿ ಬೆಳೆದ ನಿನಗೆ ಗೊತ್ತಿಲ್ಲವೇ? ನಿನ್ನ ಬಾಪ ಇದ್ದಾಗ ನಮ್ಮ ಪ್ರತಿ ಮದುವೆಗೂ ಅವರ ಅಂಗಳದಲ್ಲಿ ಬೇರೆ ಒಲೆ ಹೂಡಿ, ಅವರ ಕಡೆಯ ಅಡುಗೆಯವರಿಂದಲೇ ಸಾರು, ಪಲ್ಯ, ಪಾಯಸ ಮಾಡಿಸುತ್ತಿದ್ದರು. ಅವರಿಗೆಲ್ಲ ಬಡಿಸಿ ಮುಗಿಯದೆ ತಾನು ಊಟಕ್ಕೆ ಕೂರುತ್ತಿರಲಿಲ್ಲ.

ನಾನು ನೆನಪಿಸಿದಾಗ ನೀನು ಎಂತ ಹೇಳಿದೆ?

"ಅವರ ಮೊಮ್ಮಗ ಹಿತೇಶ ನಮ್ಮವರ ಅಂಗಡಿಗೆ ಹೋಗ್ಬೇಡಿ ಅಂತ ವಾಟ್ಸಾಪಿನಲ್ಲಿ ಹಾಕ್ತಾನೆ. ಅಂಥವರಿಗೆ ನಾನು ಬೇರೆ ಅಡುಗೆ ಮಾಡಿಸ್ಬೇಕಾ ಉಮ್ಮ? ನಮಗೂ ದೀನ್, ಧರ್ಮ ಅಂತ ಒಂದು ಉಂಟು."

"ಹಾಗಾದರೆ ಕಾರ್ಡ್ ಎಂತಕ್ಕೆ ಕೊಟ್ಟದ್ದು?"

"ಕೊಟ್ಟ ಕೂಡಲೇ ಬರ್ತಾರಾ?" ಎಂದು ನೀನು ನಕ್ಕೆ.

ಹಿತೇಶ ಬರಲಿಲ್ಲ. ಪೂವಪ್ಪಣ್ಣ ಬಂದರು, ಎರಡು ಬಸ್ ಬದಲಿಸಿ, ಪುಟ್ಟ ಮೊಮ್ಮಗಳು ಪ್ರಾಪ್ತಿಯ ಕೈ ಹಿಡಿದು. ಬಿರಿಯಾನಿ ಬಿಟ್ಟು ಬೇರೇನೂ ಇರಲಿಲ್ಲ. "ಕೋಳಿ ಬದಿಗಿಟ್ಟು ಅನ್ನ ತಿನ್ನಿ ಮಾರಾಯ್ರೆ" ಎಂದು ನಿನ್ನ ಗೆಳೆಯನೊಬ್ಬ ತಮಾಷೆ ಮಾಡಿದನಂತೆ. ನೀನು ಪಕ್ಕದಲ್ಲೇ ನಿಂತಿದ್ದೆಯಂತೆ. ಅವರು ಮಗುವಿಗೆ ಐಸ್‌ಕ್ರೀಂ ಕೊಡಿಸಿ, ಮದುಮಗನ ಕೈ ಕುಲುಕಿ ಹೊರಟರು. ಹೆಂಗಸರ ಕಡೆ ಇದ್ದ ನನಗೆ ಇದನ್ನೆಲ್ಲ ಮರುದಿನ ಪ್ರಾಪ್ತಿಯೇ ಹೇಳಿದಳು. ವಿಷ ಕಾರಿದವನಿಗೆ ನಿನ್ನ ಪೆಟ್ಟು ತಾಗಲಿಲ್ಲ, ಹರಸಲು ಬಂದ ಮುದುಕರಿಗೆ ತಾಗಿತು.

ದೀನ್ ಬಗ್ಗೆ ನನಗೆ ಪಾಠ ಬೇಡ. ಹತ್ತನೇ ಕ್ಲಾಸು ಮಾತ್ರ ಕಲಿತವಳಾದರೂ ಒಂದು ಹೊತ್ತಿನ ನಮಾಜು ಬಿಟ್ಟವಳಲ್ಲ. ಕರೆದವರನ್ನು ಹಸಿದ ಹೊಟ್ಟೆಯಲ್ಲಿ ಕಳಿಸು ಎಂದು ನನಗೆ ಯಾವ ಉಸ್ತಾದರೂ ಕಲಿಸಿಲ್ಲ. ಹಿತೇಶನಿಗೆ ಹೇಳಬೇಕಾದದ್ದನ್ನು ಅವನ ಗೇಟಿನಲ್ಲೇ ನಿಂತು ಹೇಳಿದ್ದೇನೆ. ಅವನು ತಲೆ ತಗ್ಗಿಸಲಿಲ್ಲ. ನೀನೂ ತಗ್ಗಿಸುವವನಲ್ಲ. ನೀವಿಬ್ಬರೂ ಒಳ್ಳೆಯ ಜೋಡಿ.

ಸುಹೈಲಾಳ ಗಂಡ ಇಲ್ಲದ್ದರಿಂದ ಅವಳ ಮಗಳು ರಿಝ್ವಾನಾಳ ಮದುವೆಗೆ ಜನರನ್ನು ಕರೆಯುವವನು ಸೋದರಮಾವನಾದ ನೀನೇ ಎಂದು ಮಾತಾಗಿತ್ತು. ಕಾರ್ಡ್ ಮೊನ್ನೆ ಅಚ್ಚಾಗಿ ಬಂತು. ಕರೆಯುವವರ ಜಾಗದಲ್ಲಿ ನಿನ್ನ ಹೆಸರಿಲ್ಲ, ನನ್ನದು ಮಾತ್ರ ಉಂಟು. ನೀನು ನೆಂಟನ ಹಾಗೆ ಬಾ, ಉಂಡು ಹೋಗು. ಮೊದಲ ಕಾರ್ಡನ್ನು ಪೂವಪ್ಪಣ್ಣನ ಕೈಗೆ ನಾನೇ ಕೊಟ್ಟು ಬಂದಿದ್ದೇನೆ.

ಅಲ್ಲಾಹು ನಿನಗೆ ಆರೋಗ್ಯ ಕೊಡಲಿ, ಬುದ್ಧಿಯನ್ನೂ ಕೊಡಲಿ.

ನಿನ್ನ ಉಮ್ಮ
ರುಖಿಯಾ

ಮತ್ತೊಂದು ಮಾತು: ಕಾರ್ಡನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಪೂವಪ್ಪಣ್ಣ ಹೇಳಿದರು, "ಖಂಡಿತ ಬರ್ತೇನೆ ರುಖಿಯಕ್ಕ. ನಮ್ಮ ಊಟದ ತಲೆಬಿಸಿ ಮಾತ್ರ ನಿಮಗೆ ಬೇಡ. ನಾವು ಮನೆಯಲ್ಲಿ ಉಂಡೇ ಬರ್ತೇವೆ."